ಎಣಿಕೆಗೆ ಸಿಗದ ಓದುಗಿತ್ತಿ

೧೯೯೮ರ ಮಳೆಗಾಲದಲ್ಲಿ ಸುಜಾತಾಳ ಟೈಪ್‌ರೈಟರಿನ ಗಂಟೆ ನಿಂತುಹೋಯಿತು. ಸಾಲು ಮುಗಿಯುವ ಹೊತ್ತಿಗೆ ಟಿಣ್ ಅನ್ನಬೇಕಾದ ಸಣ್ಣ ಗಂಟೆ ಅದು. ಆ ಸದ್ದು ಬಾರದೆ ಅಕ್ಷರಗಳು ಕಾಗದದ ಅಂಚಿಗೆ ಹೋಗಿ ಒಂದರ ಮೇಲೊಂದು ಕೂರತೊಡಗಿದವು. ಹುಮನಾಬಾದಿನ ಸರಕಾರಿ ಉಪಕಚೇರಿಯೊಂದರಲ್ಲಿ ನಾಲ್ಕು ವರ್ಷದಿಂದ ಟೈಪಿಸ್ಟ್ ಆಗಿದ್ದ ಅವಳಿಗೆ ಇಂಥ ತಪ್ಪು ಹೊಸದು. ರಿಪೇರಿಗೆಂದು ಗಯಾಸುದ್ದೀನ್ ಸಾಬರನ್ನು ಕರೆಸಿದಳು.

ಗಯಾಸುದ್ದೀನರು ಮಶೀನಿನ ಹೊಟ್ಟೆ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಒಂದು ಸಾಲು ಹೊಡೆದು ನೋಡಿದರು.

“ಘಂಟಿ ಬರೋಬರ್ ಹೊಡೀತದ ಅಕ್ಕಾರ. ನೀವೇ ಕೇಳ್ರಿ.”

ಸುಜಾತಾ ಬಗ್ಗಿ ನೋಡಿದಳು. ಕಡಲೆಕಾಳಿನಷ್ಟು ಸುತ್ತಿಗೆ ಎದ್ದು ಗಂಟೆಗೆ ಬಡಿಯಿತು. ಸದ್ದು ಬರಲಿಲ್ಲ. ಗಯಾಸುದ್ದೀನರು ಇನ್ನೊಮ್ಮೆ ಹೊಡೆದರು. ಆಗಲೂ ಬರಲಿಲ್ಲ. ಮೂರನೆಯ ಸಲ ಅವರು ಗಂಟೆಯ ಬದಲು ಅವಳ ಮುಖ ನೋಡುತ್ತಿದ್ದರು. ಸಾಹೇಬರ ಕೋಣೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಕಿಸೆಯಿಂದ ಕೆಂಪು ಪೆನ್ಸಿಲ್ ತೆಗೆದು ಮಶೀನಿನ ಅಳತೆಪಟ್ಟಿಯ ಮೇಲೆ ಒಂದು ಗೆರೆ ಎಳೆದರು.

“ಇಲ್ಲೀತನ ಬಂದ್ರ ಹೊಸ ಸಾಲಿಗಿ ತಳ್ಳಿ ಬಿಡ್ರಿ. ಕಣ್ಣಿಲೆ ಕೇಳ್ರಿ, ಸಾಕು. ಯಾರಿಗೂ ಗೊತ್ತಾಗಂಗಿಲ್ಲ.”

ಗೊತ್ತಾಗದೆ ಇರಲಿಲ್ಲ. ಎರಡು ವರ್ಷದಲ್ಲಿ ಅವಳ ಕಿವಿಯ ಸಂಗತಿ ಇಡೀ ಆಫೀಸಿಗೆ ಗೊತ್ತಾಯಿತು. ಅದನ್ನು ಎಲ್ಲರಿಗಿಂತ ಕಡೆಗೆ ಒಪ್ಪಿಕೊಂಡವಳು ಅವಳೇ, ಅಷ್ಟೆ.

ಸುಜಾತಾ ಮೋರಖಂಡಿಯವಳು. ಅಪ್ಪ ದೇವಿಂದ್ರಪ್ಪ ಕಂಡವರ ಹೊಲದಲ್ಲಿ ದುಡಿದವನು. ಅವ್ವ ದ್ರೌಪತಿ ಅವನ ಬೆನ್ನಿಗೆ ಕಳೆ ಕಿತ್ತವಳು. ಗೋಡೆಯ ಮೇಲೆ ಬುದ್ಧನ ಮತ್ತು ಬಾಬಾಸಾಹೇಬರ ಪಟ, ಪಟದ ಕೆಳಗೆ ಮಗಳ ಪುಸ್ತಕದ ಹಲಗೆ, ಇಷ್ಟೇ ಅವರ ಆಸ್ತಿ. ಮೆಟ್ರಿಕ್ ಆದಮೇಲೆ ದಿನಾ ಬಸವಕಲ್ಯಾಣಕ್ಕೆ ಹೋಗಿ, ಕೋಟೆಯ ಹಿಂದಿನ ಓಣಿಯಲ್ಲಿದ್ದ ಟೈಪಿಂಗ್ ಕ್ಲಾಸಿನಲ್ಲಿ ಎರಡು ವರ್ಷ ಬೆರಳು ಪಳಗಿಸಿದಳು. ನೌಕರಿ ಸಿಕ್ಕಾಗ ದ್ರೌಪತಿ ಊರೆಲ್ಲ ಬೆಲ್ಲ ಹಂಚಿದ್ದಳು. ಆಮೇಲೆ ಎರಡು ಕಡೆಯಿಂದ ಸಂಬಂಧ ಬಂದವು. ಎರಡನೆಯವರು ನಿಶ್ಚಯದ ಮಾತಿಗೆ ಬಂದು ಕೂತಿದ್ದಾಗ ಹುಡುಗನ ಸೋದರತ್ತೆ ಹಿಂದಿನಿಂದ ಮೂರು ಸಲ ಕರೆದಳಂತೆ, ಸುಜಾತಾ ತಿರುಗಲಿಲ್ಲವಂತೆ. “ಹುಡುಗಿಗಿ ಸೊಕ್ಕು ಭಾಳ ಅದ” ಎಂದು ಹೇಳಿ ಕಳಿಸಿದರು. ಅದು ಸೊಕ್ಕಲ್ಲ ಎಂದು ಹೇಳಿದ್ದರೆ ಇನ್ನೂ ಕೆಡುತ್ತಿತ್ತೆಂದು ದ್ರೌಪತಿ ಬಾಯಿ ಕಟ್ಟಿಕೊಂಡಳು. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷದ ಅಂತರದಲ್ಲಿ ತೀರಿಕೊಂಡರು. ಹುಮನಾಬಾದಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ, ಅದರೊಳಗೆ ಒಂದು ರೇಡಿಯೊ, ಇದು ಅವಳ ಸಂಸಾರ.

ರೇಡಿಯೊದ ಗುಂಡಿಯನ್ನು ವರ್ಷವರ್ಷವೂ ಇಷ್ಟಿಷ್ಟೇ ತಿರುಗಿಸುತ್ತ ಹೋದಳು. ಒಂದು ಮುಂಜಾನೆ ಮನೆಯೊಡತಿ ಬಂದು ಕೈಮುಗಿದು, “ನಮ್ಮ ಮನಿಯವರಿಗಿ ಬಿಪಿ ಅದವ್ವ” ಎಂದಾಗ, ತಾನು ಪಿಸುಗುಟ್ಟಿದ ಹಾಗೆ ಕೇಳುತ್ತಿದ್ದದ್ದು ಇಡೀ ವಠಾರಕ್ಕೆ ಕೇಳುತ್ತಿತ್ತೆಂದು ತಿಳಿಯಿತು. ಬೀದರಿಗೆ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದಳು. ಅದು ಮಾತನ್ನು ಬಿಟ್ಟು ಉಳಿದದ್ದೆಲ್ಲವನ್ನೂ ತಂದು ಕಿವಿಗೆ ಸುರಿಯುತ್ತಿತ್ತು: ಫ್ಯಾನು ಹಿಟ್ಟಿನ ಗಿರಣಿಯಾಯಿತು, ಕುರ್ಚಿ ಸರಿಸಿದರೆ ಗೋಡೆ ಬಿದ್ದಂತಾಯಿತು. ಹದಿನೈದು ದಿನ ಸಹಿಸಿಕೊಂಡು ಮೇಜಿನ ಖಾನೆಗೆ ಹಾಕಿದಳು.

ಆಫೀಸಿನ ಜನ ಕೆಟ್ಟವರೇನಲ್ಲ. ಆದರೆ ಒಂದು ಮಾತನ್ನು ಮೂರು ಸಲ ಹೇಳುವಷ್ಟು ಪುರಸತ್ತು ಯಾರಿಗಿದೆ? ಮೊದಮೊದಲು ಎರಡು ಸಲ ಹೇಳುತ್ತಿದ್ದರು, ಆಮೇಲೆ ಚೀಟಿ ಬರೆದರು, ಕೊನೆಗೆ ಕೆಲಸದ ಮಾತು ಬಿಟ್ಟು ಬೇರೆ ಮಾತನ್ನೇ ಬಿಟ್ಟರು. ಎಲ್ಲರೂ ನಕ್ಕಾಗ ಅವಳೂ ನಗುತ್ತಿದ್ದಳು, ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣ ತಡವೇ ಅವಳನ್ನು ಹೆಚ್ಚು ದಣಿಸುತ್ತಿತ್ತು. ಮಧ್ಯಾಹ್ನ ಎಲ್ಲರೂ ವರಾಂಡದಲ್ಲಿ ಡಬ್ಬಿ ಬಿಚ್ಚಿದರೆ ಅವಳು ಮಶೀನಿನ ಮುಂದೆಯೇ ಕೂತು ರೊಟ್ಟಿ ತಿನ್ನುವುದು ರೂಢಿಯಾಯಿತು.

೨೦೦೬ರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು, ಅದರ ಹಿಂದೆ ಇಂಟರ್ನೆಟ್ಟಿನ ತಂತಿ ಬಂತು, ತಂತಿಯ ಹಿಂದೆ ಸ್ನೇಹಲ್ ಎಂಬ ಗುತ್ತಿಗೆ ಆಪರೇಟರ್ ಬಂದಳು. ಮನ್ನಾಏಖೇಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಮಾತಿನ ಮಧ್ಯೆ ಮರಾಠಿ ಬೆರೆಸುವ ಇಪ್ಪತ್ತಮೂರರ ಹುಡುಗಿ. ಅವಳಿಗೆ ಒಂದು ಒಳ್ಳೆಯ ಗುಣವಿತ್ತು: ಸುಜಾತಾಳೊಡನೆ ಮಾತಾಡುವಾಗ ಕುರ್ಚಿ ತಿರುಗಿಸಿ ಎದುರಿಗೆ ಕೂರುತ್ತಿದ್ದಳು, ತುಟಿ ಕಾಣುವ ಹಾಗೆ.

ಬಿಡುವಿದ್ದ ಒಂದು ಮಧ್ಯಾಹ್ನ ಸ್ನೇಹಲ್ ಕನ್ನಡದಲ್ಲಿ ಟೈಪು ಮಾಡಿ ಹುಡುಕುವುದನ್ನು ಕಲಿಸಿದಳು. “ಏನರ ಒಂದು ಹೊಡೀರಿ ಮೇಡಂ” ಅಂದಳು. ಸುಜಾತಾ ಯೋಚಿಸಿ ‘ಬಸವಕಲ್ಯಾಣ’ ಎಂದು ಹೊಡೆದಳು. ಹೋಟೆಲು, ಬಸ್ಸಿನ ವೇಳೆ, ಇತಿಹಾಸ ಇತ್ಯಾದಿಗಳ ಕೆಳಗೆ ಒಂದು ಬ್ಲಾಗ್ ಸಿಕ್ಕಿತು. ಹೆಸರು ‘ಮಾಳಿಗಿ ಮ್ಯಾಲಿನ ಮಾತು’. ಬರೆದವರ ಹೆಸರಿರಲಿಲ್ಲ, ಬರೇ ‘ಮಾಳಿಗಿಯಾಕಿ’ ಎಂದಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ಇದು:

“ಇವತ್ತು ಕೆಳಗ ಲಾರಿಯಿಂದ ಕಬ್ಬಿಣದ ಸಳಿ ಇಳಿಸಿದ್ರು. ಒಂದೊಂದು ಸಳಿಗಿ ಒಂದೊಂದು ಧ್ವನಿ. ಸಣ್ಣ ಸಳಿ ಸೊಸಿ ನಕ್ಕಂಗ, ದಪ್ಪ ಸಳಿ ಅತ್ತಿ ಕೆಮ್ಮಿದಂಗ. ನಾ ಮ್ಯಾಲ ಶಾವಿಗಿ ಒಣಗಿಸ್ಕೋತ ಎರಡೂ ಕೇಳ್ದೆ. ನಗು ಬಂತು, ನಗಲಿಲ್ಲ.”

ಸುಜಾತಾ ಅದನ್ನು ಮೂರು ಸಲ ಓದಿದಳು. ಮರುದಿನ ಅದೇ ಪುಟ ತೆರೆದಳು, ಹೊಸದಿಲ್ಲ. ಅದರ ಮರುದಿನವೂ ಇಲ್ಲ. ದಿನಾ ಹೋಗಿ ಬಾಗಿಲು ತಟ್ಟುವ ಅವಳನ್ನು ಕಂಡು ಸ್ನೇಹಲ್‌ಗೆ ಪಾಪ ಅನ್ನಿಸಿತು.

“ಹಿಂಗ ರೋಜ್ ಹೋಗಿ ನೋಡೂದು ಬ್ಯಾಡ್ರಿ ಮೇಡಂ. ಫೀಡ್ ರೀಡರ್ ಅಂತ ಒಂದದ. ನಿಮಗ ಬೇಕಾದ ಸೈಟ್ ಎಲ್ಲಾ ಅದ್ರಾಗ ಹಾಕಿ ಇಡ್ರಿ. ಪೇಪರ್ ಹಾಕೋರು ಮನಿಗಿ ಬಂದು ಹಾಕಿ ಹೋಗ್ತಾರಲ್ಲ, ಹಂಗ. ಅವ್ರು ಹೊಸಾದು ಬರದ್ರ ತಾನೇ ನಿಮ್ಮ ಕಡಿ ಬರ್ತದ.”

ಹಾಗೆ ಸುಜಾತಾಳ ಮುಂದೆ ಒಂದು ಪಟ್ಟಿ ಬಂತು. ಮೈಸೂರಿನ ಹಕ್ಕಿ ನೋಡುವವನೊಬ್ಬ, ಅಡುಗೆಯದೊಂದು, ಹಳೆಯ ನಾಣ್ಯದ್ದೊಂದು, ಎರಡು ಸುದ್ದಿಯವು, ಮುಂಬಯಿಯ ಲೋಕಲ್ ರೈಲಿನಲ್ಲಿ ಕೂತು ಬರೆಯುವ ಒಬ್ಬಳು, ಮತ್ತು ಮಾಳಿಗಿಯಾಕಿ. ಒಟ್ಟು ಏಳು. ಹೊಸದು ಬಂದಾಗ ಆ ಹೆಸರು ದಪ್ಪ ಅಕ್ಷರಕ್ಕೆ ತಿರುಗಿ ಪಕ್ಕದಲ್ಲಿ ಒಂದು ಅಂಕಿ ಮೂಡುತ್ತಿತ್ತು. ಓದಿದರೆ ಮತ್ತೆ ತೆಳ್ಳಗಾಗುತ್ತಿತ್ತು. ಸುಜಾತಾಳಿಗೆ ಇದು ಬಹಳ ಹಿಡಿಸಿತು. ಇಲ್ಲಿ ಯಾರೂ ಹಿಂದಿನಿಂದ ಕರೆಯುತ್ತಿರಲಿಲ್ಲ. ಯಾರೋ ಮಾತಾಡಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಅವರು ಒಂದೇ ಸಲ ಹೇಳಿ ಬೇಸರಿಸಿಕೊಳ್ಳುತ್ತಲೂ ಇರಲಿಲ್ಲ. ಹತ್ತು ಸಲ ಬೇಕಾದರೂ ಅದೇ ಮಾತು ಅಲ್ಲೇ ಇರುತ್ತಿತ್ತು.

ಮಧ್ಯಾಹ್ನದ ರೊಟ್ಟಿ ಈಗ ಪರದೆಯ ಮುಂದೆ. ಉಳಿದ ಆರನ್ನು ಮೊದಲು ಮುಗಿಸಿ, ಮಾಳಿಗಿಯಾಕಿಯನ್ನು ಊಟದ ಕೊನೆಯ ಮೊಸರಿನ ಹಾಗೆ ಉಳಿಸಿಕೊಳ್ಳುತ್ತಿದ್ದಳು. ಅತ್ತೆಯ ಮಂಡಿನೋವು, ಕೋಟೆಯ ಮಂಗಗಳು ಒಣಗಿಸಿದ ಹಪ್ಪಳ ಒಯ್ದದ್ದು, ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವ ಎದುರಿನ ಮುದುಕಿ ದಾರ ಪೋಣಿಸಲು ಓಣಿಯ ಮಕ್ಕಳನ್ನೆಲ್ಲ ಕರೆಯುವುದು, ಗಂಡ ಊಟದ ಹೊತ್ತಿನಲ್ಲೂ ಸಿಮೆಂಟಿನ ಮಾತೇ ಆಡುವುದು. ಒಂದು ಸಲ ಬರೆದಿದ್ದಳು: “ಮನಿ ತುಂಬ ಮಂದಿ ಅದಾರ. ನನ್ನ ಕೂಡ ಮಾತಾಡೋರು ಯಾರೂ ಇಲ್ಲ.” ಸುಜಾತಾ ರೊಟ್ಟಿ ಬದಿಗಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿದಳು. ಮನೆ ತುಂಬ ಜನರಿದ್ದೂ ಹಾಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ೨೦೦೭ರ ಆಗಸ್ಟಿನಲ್ಲಿ ಆ ಹೆಸರು ಮತ್ತೊಮ್ಮೆ ದಪ್ಪವಾಯಿತು. ನಾಲ್ಕೇ ಸಾಲು:

“ಈ ತಿಂಗಳು ಮೂರು ಸಲ ಈ ಪುಟ ತೆರೆದಾರ ಅಂತ ಕೆಳಗಿನ ಕೌಂಟರ್ ಹೇಳ್ತದ. ಮೂರೂ ಸಲ ತೆರೆದಾಕಿ ನಾನೇ. ಖಾಲಿ ಮನಿ ಮುಂದ ನಿಂತು ಎಷ್ಟಂತ ಮಾತಾಡ್ಲಿ? ಇಲ್ಲಿಗೇ ಸಾಕು.”

ಸುಜಾತಾ ಪರದೆಯನ್ನು ಸ್ನೇಹಲ್ ಕಡೆ ತಿರುಗಿಸಿದಳು. “ಇದು ಹ್ಯಾಂಗ? ನಾ ಎಲ್ಲಾ ಓದೀನಲ್ಲ!”

ಸ್ನೇಹಲ್ ಓದಿ ತುಟಿ ಕಚ್ಚಿದಳು. ಎದುರಿಗೆ ಕೂತು ನಿಧಾನ ಹೇಳಿದಳು. “ಮೊದಲ ನಾಕು ದಿನ ಬಿಟ್ರ ನೀವು ಅವ್ರ ಪುಟಕ್ಕ ಹೋಗೇ ಇಲ್ಲ ಮೇಡಂ. ರೀಡರ್‌ದಾಗ ಓದೀರಿ. ಪೇಪರ್ ಮನಿಗೇ ಬಂದ್ರ, ಅಂಗಡಿ ಬಾಗಿಲಿಗಿ ಯಾರು ಬಂದ್ರು ಅಂತ ಅವ್ರಿಗಿ ಹ್ಯಾಂಗ ಗೊತ್ತಾಗ್ಬೇಕು? ಕೌಂಟರ್ ಎಣಸೂದು ಬಾಗಿಲಿಗಿ ಬಂದೋರ್ನಷ್ಟೇ.”

ಒಂದು ವರ್ಷ, ನೂರ ನಲವತ್ತೆರಡು ಬರಹ. ಪ್ರತಿಯೊಂದನ್ನೂ ಎರಡೆರಡು ಸಲ ಓದಿದವಳು ಒಂದು ಹೆಜ್ಜೆಗುರುತೂ ಬಿಟ್ಟಿರಲಿಲ್ಲ. ‘ಓದಿದೆ’ ಎಂದು ಒಂದು ಮಾತು ಬರೆಯಬಹುದಿತ್ತು. ಯಾರೊಂದಿಗೂ ಮೊದಲು ಮಾತೆತ್ತದೆ ಬದುಕುವುದು ಎಷ್ಟು ರೂಢಿಯಾಗಿತ್ತೆಂದರೆ, ಅದು ಅವಳ ತಲೆಗೇ ಹೊಳೆದಿರಲಿಲ್ಲ.

ಅವತ್ತೇ ಆ ಪುಟಕ್ಕೆ ಹೋಗಿ, ಸ್ನೇಹಲ್ ಸಹಾಯದಿಂದ ಕೆಳಗೆ ಬರೆದಳು: “ಖಾಲಿ ಇಲ್ರಿ ಅಕ್ಕಾರ. ನಾ ಇದ್ದೆ.” ಪುಟದೊಡತಿ ಒಪ್ಪಿದ ಮೇಲೆಯೇ ಇದು ಕಾಣುತ್ತದೆ ಎಂಬ ಸೂಚನೆ ಬಂತು. ಎರಡು ತಿಂಗಳು ಕಾದಳು. ಅದು ಕಾಣಲಿಲ್ಲ. ನಿಲ್ಲಿಸಿದವಳು ತಿರುಗಿ ಬಂದು ನೋಡಿದ್ದರೆ ತಾನೆ?

ಅಕ್ಟೋಬರಿನ ಒಂದು ಶನಿವಾರ ರಜೆ ಹಾಕಿ ಬಸವಕಲ್ಯಾಣದ ಬಸ್ಸು ಹತ್ತಿದಳು. ವಿಳಾಸವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾಳಿಗೆಯಿಂದ ಕಾಣುವ ಕೋಟೆಯ ಬೆನ್ನು, ಕೆಳಗೆ ಕಬ್ಬಿಣದ ಅಂಗಡಿ, ಎದುರಿಗೆ ಕೌದಿಯ ಮುದುಕಿ. ಟೈಪಿಂಗ್ ಕಲಿಯಲು ಎರಡು ವರ್ಷ ತುಳಿದ ಓಣಿ ಅದು. ಬಸ್ಸಿನಲ್ಲಿ ಒಂದು ಚೀಟಿಯಲ್ಲಿ ಹೇಳಬೇಕಾದದ್ದನ್ನು ಬರೆದಿಟ್ಟುಕೊಂಡಳು. ಮುದುಕಿ ನಿಜವಾಗಿಯೂ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದದ್ದನ್ನು ಕಂಡಾಗ ಅವಳು ದಾಪುಗಾಲಿನಲ್ಲಿ ಅಂಗಡಿಯ ಕಡೆ ನಡೆದಳು. ಆ ಗಡಿಬಿಡಿಯಲ್ಲಿ ಚೀಟಿ ಚೀಲದಲ್ಲೇ ಉಳಿಯಿತು.

ಅಂಗಡಿಯಲ್ಲಿ ಹಣದ ಗಲ್ಲೆಯ ಮೇಲೆ ಕೂತವನು ಮಾಳಿಗಿಯಾಕಿಯ ಗಂಡ, ಬಸವಣಪ್ಪ. ಇಬ್ಬರು ಗಿರಾಕಿಗಳು ನಿಂತಿದ್ದರು.

“ಏನ್ ಬೇಕಾಗಿತ್ರಿ ಅಕ್ಕಾರ?”

“ಮನ್ಯಾಗ ಅಕ್ಕಾರ ಅದಾರ್ರೀ? ಜರಾ ಭೇಟಿ ಆಗೂದಿತ್ತು.”

“ಯಾ ಊರ್ರಿ? ಯಾರ ಪೈಕಿ?”

“ಮೋರಖಂಡಿ. ದೇವಿಂದ್ರಪ್ಪನ ಮಗಳು.”

ಬಸವಣಪ್ಪ ಅವಳನ್ನು ಇನ್ನೊಮ್ಮೆ ನೋಡಿದ. ಆ ಎರಡನೆಯ ನೋಟ ಅವಳಿಗೆ ಹುಟ್ಟಿನಿಂದ ಪರಿಚಯದ್ದು. ಆದರೂ ಅವನು ಒಳಗೆ ಮುಖಮಾಡಿ “ವಿದ್ಯಾವತಿ” ಎಂದು ಕರೆದ. ಮೆಟ್ಟಿಲ ಮೇಲೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು, ಮೂಗಿನ ಮೇಲೆ ಕನ್ನಡಕ.

ಸುಜಾತಾ ಹತ್ತಿರ ಹೋಗಿ, ತನಗೆ ಸಾಧ್ಯವಾದಷ್ಟು ಮೆತ್ತಗೆ ಹೇಳಿದಳು: “ಅಕ್ಕಾರ, ನೀವು ಬರದದ್ದು ನಾ ಎಲ್ಲಾ ಓದೀನ್ರಿ. ಮಾಳಿಗಿ ಮ್ಯಾಲಿನ ಮಾತು. ಅತ್ತಿ ಕೆಮ್ಮಿದ್ದು, ಮನಿಯವರ ಸಿಮೆಂಟು, ಎಲ್ಲಾ. ಆ ಕೌಂಟರ್ ಸುಳ್ಳು ಹೇಳ್ತದ. ಬರಿಯೂದು ಬಿಡಬ್ಯಾಡ್ರಿ.”

ಗಿರಾಕಿಗಳು ತಿರುಗಿ ನೋಡಿದರು. ಓಣಿಯ ಆಚೆ ಮುದುಕಿಯ ಸೂಜಿ ನಿಂತಿತು. ಬಸವಣಪ್ಪ ಗಲ್ಲೆಯಿಂದ ಎದ್ದಿದ್ದ. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡಾಗ ಸುಜಾತಾಳಿಗೆ ತಾನು ಕೂಗಿದ್ದೆನೆಂದು ಗೊತ್ತಾಯಿತು.

ವಿದ್ಯಾವತಿಯ ಮುಖ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಒಂದೊಂದೇ ಶಬ್ದವನ್ನು ಸ್ಪಷ್ಟವಾಗಿ ಹೇಳಿದಳು. “ನೀವು ತಪ್ಪ ತಿಳ್ಕೊಂಡೀರಿ. ನಾ ಏನೂ ಬರಿಯಂಗಿಲ್ಲ. ಬ್ಯಾರೆ ಯಾರೋ ಇರ್ಬೇಕು.”

ತುಟಿ ನೋಡಿ ಮಾತು ಹಿಡಿಯುವ ಸುಜಾತಾಳಿಗೆ ಆ ದಿನ ಒಂದಕ್ಷರವೂ ತಪ್ಪಲಿಲ್ಲ. “ಹೌದ್ರಿ, ತಪ್ಪಾತು” ಎಂದು ಹೊರಬಿದ್ದಳು. ಓಣಿ ತಿರುಗುವವರೆಗೆ ಹಿಂದೆ ಯಾರಾದರೂ ಕರೆದರೋ ಇಲ್ಲವೋ ಅವಳಿಗೆ ತಿಳಿಯುವಂತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆಯಾನಿಸಿ ಕೂತಳು. ಬಾಯಿ ಮುಚ್ಚಿಕೊಂಡೇ ಬದುಕಿದವಳು ಒಂದು ದಿನ ಬಾಯಿ ತೆರೆದು ಒಬ್ಬಳ ಮನೆ ಕೆಡಿಸಿ ಬಂದೆನಲ್ಲ ಎಂಬ ಒಂದೇ ಯೋಚನೆ ಹುಮನಾಬಾದಿನವರೆಗೆ.

ಸೋಮವಾರ ಆ ಪುಟವನ್ನು ತೆರೆದರೆ, ಅಂಥದ್ದೊಂದು ಇಲ್ಲವೆಂಬ ಉತ್ತರ ಬಂತು. ಅಳಿಸಿಬಿಟ್ಟಿದ್ದಳು. ಸುಜಾತಾ ಕೂಡಲೇ ರೀಡರ್ ತೆರೆದಳು. ಅಲ್ಲಿ ಪಟ್ಟಿಯಲ್ಲಿ ಹೆಸರು ಹಾಗೆಯೇ ಇತ್ತು, ಹೆಸರಿನೊಳಗೆ ಕೊನೆಯ ನಾಲ್ಕು ಸಾಲಿನದೂ ಸೇರಿ ನೂರ ನಲವತ್ತಮೂರೂ ಇದ್ದವು. “ಬಂದದ್ದನ್ನ ಅದು ತನ್ನ ಕಡಿ ಇಟ್ಕೊಂಡಿರ್ತದ್ರಿ” ಎಂದಳು ಸ್ನೇಹಲ್. “ಎಷ್ಟು ದಿನ ಅಂತ ಗೊತ್ತಿಲ್ಲ.” ಆ ಕೊನೆಯ ಮಾತಿಗೆ ಹೆದರಿ ಸುಜಾತಾ ಪೇಟೆಯಿಂದ ಕಾಗದ ತಂದು, ಒಂದು ವಾರದ ಮಧ್ಯಾಹ್ನಗಳಲ್ಲಿ ಎಲ್ಲವನ್ನೂ ಮುದ್ರಿಸಿ, ದಬ್ಬಣದಿಂದ ಹೊಲಿದು ಕಪಾಟಿನಲ್ಲಿಟ್ಟಳು. ಕಳಿಸುವುದೆಲ್ಲಿಗೆ? ಅಂಗಡಿಗೆ ಬಂದ ಟಪಾಲು ಗಲ್ಲೆಯ ಮೇಲೆಯೇ ಒಡೆಯುತ್ತದೆ.

ಮರುವರ್ಷದ ಫೆಬ್ರವರಿಯಲ್ಲಿ, ಊಟದ ವೇಳೆಗೆ, ಜವಾನ ಬಕ್ಕಪ್ಪ ಅವಳ ಮೇಜು ತಟ್ಟಿ ಬಾಗಿಲ ಕಡೆ ಕೈ ತೋರಿದ. ಅಲ್ಲಿ ವಿದ್ಯಾವತಿ ನಿಂತಿದ್ದಳು. ಅತ್ತೆಯನ್ನು ವೀರಭದ್ರನ ಗುಡಿಗೆ ಕರೆತಂದು, ಅಲ್ಲೇ ನೆರಳಲ್ಲಿ ಕೂರಿಸಿ, ಹೂವು ತರುತ್ತೇನೆಂದು ಬಂದಿದ್ದಳು. ಮೋರಖಂಡಿಯವರನ್ನು ವಿಚಾರಿಸಿ ಆಫೀಸು ಪತ್ತೆ ಮಾಡಿದ್ದಳು. ಕಿವಿಯ ಸಂಗತಿಯೂ ತಿಳಿದಿತ್ತು. ಎದುರಿನ ಕುರ್ಚಿಯಲ್ಲಿ ಕೂತು, ಚೀಲದಿಂದ ಸಣ್ಣ ಡೈರಿ ತೆಗೆದು ಬರೆದಳು:

“ಆವತ್ತು ಸುಳ್ಳು ಹೇಳ್ದೆ. ಕ್ಷಮಾ ಮಾಡ್ರಿ.”

ಸುಜಾತಾಳಿಗೆ ತನ್ನ ದನಿಯ ಮೇಲೆ ಈಗ ನಂಬಿಕೆಯಿರಲಿಲ್ಲ. ಪೆನ್ನು ಇಸಿದುಕೊಂಡು ಅವಳೂ ಬರೆದಳು. “ತಪ್ಪು ನಂದು. ಒದರಿಬಿಟ್ಟೆ. ಮನ್ಯಾಗ ಬೈದ್ರೇನು?”

“ಬೈಲಿಲ್ಲ. ತೋರ್ಸು, ಓದ್ತೀನಿ ಅಂದ್ರು. ಅದ್ರಾಗ ಅವರೂ ಅದಾರ, ಅತ್ತಿನೂ ಅದಾರ. ತೋರ್ಸೂ ಧೈರ್ಯ ಆಗಲಿಲ್ಲ, ಅಳಿಸಿಬಿಟ್ಟೆ. ಈಗ ನನ್ನ ಕಡಿ ಒಂದೂ ಉಳಿದಿಲ್ಲ.”

ಸುಜಾತಾ ಎದ್ದು ಕಪಾಟು ತೆರೆದು ಹೊಲಿದ ಕಟ್ಟನ್ನು ತಂದು ಮುಂದಿಟ್ಟಳು. ವಿದ್ಯಾವತಿ ಒಂದು ಹಾಳೆ ತಿರುವಿದಳು, ಇನ್ನೊಂದು ತಿರುವಿದಳು. ಭುಜ ಅಲುಗುತ್ತಿದ್ದವು, ನಗುತ್ತಿದ್ದಾಳೆಂದುಕೊಂಡಳು ಸುಜಾತಾ. ಕನ್ನಡಕ ತೆಗೆದಾಗ ಹಾಗಲ್ಲವೆಂದು ಕಂಡಿತು. ಬಕ್ಕಪ್ಪ ಎರಡು ಕಪ್ ಚಹಾ ಇಟ್ಟು, ಸದ್ದಿಲ್ಲದೆ ಬರೆದುಕೊಳ್ಳುವ ಇಬ್ಬರು ಹೆಂಗಸರನ್ನು ನೋಡುತ್ತ ಹೋದ. ವಿದ್ಯಾವತಿ ಒಂದು ಕಪ್ ಎತ್ತಿ ಸುಜಾತಾಳ ಕೈಗೆ ಕೊಟ್ಟು, ತಾನೊಂದು ತೆಗೆದುಕೊಂಡಳು. ಆಮೇಲೆ ಬರೆದಳು:

“ಯಾವುದು ಛಲೋ ಇತ್ತು?”

“ಸಳಿ ಇಳಿಸಿದ್ದು. ನನಗ ಕೇಳ್ಸಂಗಿಲ್ಲ. ಆದ್ರ ಅದು ತಿಳೀತು.”

ವಿದ್ಯಾವತಿ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದಳು. ಗಡಿಯಾರ ನೋಡಿ ಎದ್ದಳು. ಕಟ್ಟನ್ನು ಮರಳಿ ಸುಜಾತಾಳ ಕಡೆ ಸರಿಸಿ ನಿಂತೇ ಬರೆದಳು: “ಒಯ್ಯೂದು ಆಗಂಗಿಲ್ಲ. ನಿಮ್ಮ ಕಡೀನೇ ಇರ್ಲಿ.” ಬರೆದ ಹಾಳೆಗಳನ್ನೆಲ್ಲ ಡೈರಿಯಿಂದ ಹರಿದು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಒಂದನ್ನಾದರೂ ಇಲ್ಲಿ ಬಿಡು ಎಂದು ಕೇಳಬೇಕೆನಿಸಿತು ಸುಜಾತಾಳಿಗೆ. ಕಟ್ಟನ್ನು ಕಪಾಟಿಗೆ ಮರಳಿಸಿದಳು.

ಏಪ್ರಿಲಿನಲ್ಲಿ ಆಫೀಸಿನ ಟಪಾಲಿನೊಂದಿಗೆ ಸುಜಾತಾಳ ಹೆಸರಿಗೆ ಒಂದು ಕವರು ಬಂತು. ಕಳಿಸಿದವರ ಹೆಸರಿಲ್ಲ. ಒಳಗೆ ರೂಲಿನ ಹಾಳೆಯ ಎರಡೂ ಮಗ್ಗುಲು ತುಂಬಿದ ಕೈಬರಹ: ಕೌದಿಯ ಮುದುಕಿ ತೀರಿಕೊಂಡದ್ದು, ಅರ್ಧ ಹೊಲಿದ ಕೌದಿಯನ್ನೇ ಅವಳಿಗೆ ಹೊದಿಸಿದ್ದು. ಕೊನೆಗೆ ಸಹಿ, ‘ಮಾಳಿಗಿಯಾಕಿ’. ಆ ವರ್ಷ ಅಂಥ ನಾಲ್ಕು ಬಂದವು. ಬಂದ ದಿನ ಸುಜಾತಾ ಊಟದ ಕೊನೆಯವರೆಗೆ ಕವರು ಒಡೆಯುತ್ತಿರಲಿಲ್ಲ. ಉತ್ತರಗಳನ್ನೂ ಬರೆದಳು. ಕಳಿಸಲು ದಾರಿಯಿಲ್ಲದ್ದರಿಂದ ಅವೂ ಕಪಾಟಿನಲ್ಲಿ ಕಟ್ಟಿನ ಪಕ್ಕ ಸೇರಿದವು.

೨೦೦೯ರಲ್ಲಿ ಕವರು ಬರಲಿಲ್ಲ. ಜನವರಿ, ಫೆಬ್ರವರಿ, ಯುಗಾದಿ ಕಳೆಯಿತು. ಈ ಸಲ ಸುಜಾತಾ ಬಸವಕಲ್ಯಾಣದ ಬಸ್ಸು ಹತ್ತಲಿಲ್ಲ. ಅತ್ತೆ ಹಾಸಿಗೆ ಹಿಡಿದಿರಬಹುದು, ಗಂಡನಿಗೆ ತಿಳಿದಿರಬಹುದು, ಅಥವಾ ಗಂಡನೇ ಈಗ ಓದುತ್ತಿರಬಹುದು. ಹಾಗಿದ್ದರೆ ಇನ್ನೊಬ್ಬಳು ಯಾಕೆ ಬೇಕು? ಈ ಕೊನೆಯ ಊಹೆಯನ್ನು ಅವಳು ಒಳ್ಳೆಯ ಮನಸ್ಸಿನಿಂದಲೇ ಮಾಡಿಕೊಂಡಳು. ಆದರೆ ಅದೇ ಹೆಚ್ಚು ನೋಯುತ್ತಿತ್ತು. ಸ್ನೇಹಲ್ ಮದುವೆಯಾಗಿ ಉದಗೀರಿಗೆ ಹೋದಳು. ಅವಳ ಕುರ್ಚಿಗೆ ಬಂದವನು ಪರದೆ ನೋಡುತ್ತಲೇ ಮಾತಾಡುತ್ತಿದ್ದ.

ಜೂನಿನಲ್ಲಿ ಸುಜಾತಾಳಿಗೆ ಚಿಟಗುಪ್ಪಕ್ಕೆ ವರ್ಗವಾಯಿತು. ಅಲ್ಲಿನ ಆಫೀಸಿಗೆ ಇನ್ನೂ ಇಂಟರ್ನೆಟ್ ಬಂದಿರಲಿಲ್ಲ. ಹೊರಡುವ ದಿನ ಕಪಾಟಿನ ಕಟ್ಟನ್ನು ಚೀಲಕ್ಕೆ ಸೇರಿಸಿ, ಹೊಸ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಕ್ಕಪ್ಪನ ಕೈಗಿಟ್ಟಳು. ಹೆಸರಿಲ್ಲದ ಕವರು ಬಂದರೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಹೇಳಿದ: “ಗೊತ್ತದ್ರಿ ಅಕ್ಕಾರ. ಟಪಾಲಿಗಿ ಹಾಕಂಗಿಲ್ಲ. ನಾನೇ ಬಸ್ಸಿಗಿ ಬಂದು ಕೈಯಾಗ ಕೊಡ್ತೀನಿ.”

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಬಕ್ಕಪ್ಪ ಚಿಟಗುಪ್ಪದ ಆಫೀಸಿನ ಬಾಗಿಲಲ್ಲಿ ಕಾಣಿಸಿಕೊಂಡ. ಸುಜಾತಾ ಅವನ ಮುಖಕ್ಕಿಂತ ಮೊದಲು ಕೈ ನೋಡಿದಳು. ಕೈಯಲ್ಲಿ ಒಂದು ಕವರಿತ್ತು, ಅರಿಶಿನ ಹಚ್ಚಿದ್ದು. ಅವನ ಮಗಳ ಮದುವೆಯ ಕಾಗದ. ಅವಳು ನೋಡಿದ್ದನ್ನು ಅವನು ಕಂಡ. ಏನೋ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ನೆನಪಾಗಿ ಮತ್ತೆ ಮುಖ ಎತ್ತಿ, “ಅದು ಬಂದಿಲ್ರಿ” ಅಂದ.

“ಇರ್ಲಿ ಬಿಡಪ್ಪ,” ಎಂದಳು ಸುಜಾತಾ, ಜೋರಾಗಿಯೋ ಮೆತ್ತಗೋ ಅವಳಿಗೆ ಗೊತ್ತಿಲ್ಲ. “ಇಷ್ಟು ದೂರ ಬಂದೀದಿ. ಕೂಡು. ಚಹಾ ತರಸ್ತೀನಿ, ಮಗಳ ಸುದ್ದಿ ಹೇಳು. ಈ ಕಡಿ ತಿರುಗಿ ಕೂಡು, ನಿಧಾನ ಹೇಳು.”